ಬೀಳಲೇಬೇಕಾದ ಸೂರು

"ಸೂರು ಬೀಳಲಿ ಅಂತ ನೀವೇ ಬಿಡ್ತೀರಂತೆ, ಹೌದಾ?"

ಕ್ವೀನ್ಸ್‌ಲ್ಯಾಂಡಿನ ಈ ಕಲ್ಲಿದ್ದಲು ಊರಿನಲ್ಲಿ ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ಮೊನ್ನೆ ಬೇಲಿಯಾಚೆಯಿಂದ ಕೇಳಿದ್ದು. ನಮ್ಮ ಭಾರತದ ನೆಲದಡಿಯ ಗಣಿಗಳಲ್ಲಿ ಹೆಚ್ಚಿನ ಕಡೆ ಬೋರ್ಡ್ ಅಂಡ್ ಪಿಲ್ಲರ್ ಪದ್ಧತಿ. ಕಲ್ಲಿದ್ದಲನ್ನೇ ಕಂಬಗಳಾಗಿ ಬಿಟ್ಟು ಸೂರನ್ನು ಹೊರಿಸುವುದು. ಇಲ್ಲಿಯದು ಲಾಂಗ್‌ವಾಲ್, ಅಂದರೆ ಕಂಬ ಬಿಡದೆ ಉದ್ದ ಗೋಡೆಯಂತೆ ಕಲ್ಲಿದ್ದಲನ್ನು ಕತ್ತರಿಸುತ್ತಾ ಹೋಗುವ ಪದ್ಧತಿ. ಇದರಲ್ಲಿ ಸೂರು ಬೀಳಲೇಬೇಕು. ಎಲ್ಲಿ, ಯಾವಾಗ ಅನ್ನುವುದಷ್ಟೇ ಕೈಯಲ್ಲಿರಬೇಕು.

ಕತ್ತರಿಸಲು ಗುರುತಿಸಿದ ಕಲ್ಲಿದ್ದಲಿನ ಪಟ್ಟಿಯೇ ಪ್ಯಾನೆಲ್. ಅದರ ಎರಡೂ ಬದಿಗೆ ಸುಮಾರು 5 ಮೀಟರ್ ಅಗಲದ ಜೋಡಿ ಸುರಂಗ ಕೊರೆದು, ಆಚೆ ತುದಿಯಲ್ಲಿ ಅಡ್ಡಲಾಗಿ ಕೂಡಿಸುತ್ತಾರೆ. ನಡುವೆ ಉಳಿಯುವುದು 300 ಮೀಟರ್ ಅಗಲ, ಎರಡು ಮೂರು ಕಿಲೋಮೀಟರ್ ಉದ್ದದ ಕಲ್ಲಿದ್ದಲು. ಅದನ್ನು ಆಚೆಯಿಂದ ಈಚೆಗೆ ಕತ್ತರಿಸುತ್ತಾ ಬರುವುದು. ಕಲ್ಲಿದ್ದಲು ಸಾಗಿಸುವ ಬೆಲ್ಟ್ ಓಡುವ ಬದಿಯ ಸುರಂಗ ಮೇನ್‌ಗೇಟ್, ಇನ್ನೊಂದು ಟೇಲ್‌ಗೇಟ್. ಟೇಲ್‌ಗೇಟ್ ಪಕ್ಕದ ಪ್ಯಾನೆಲ್ ಆಗಲೇ ಕುಸಿದಿದ್ದರೆ ಆ ಭಾರವೂ ಇದರ ತಲೆಗೇ. ಬೋಲ್ಟ್ ಸಾಲದೆ ಅಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ನಿಲ್ಲಿಸುತ್ತಾರೆ.

ಬೋಲ್ಟ್ ಅಂದರೆ ಸೂರಿನ ಕಲ್ಲಿನೊಳಗೆ ಕೂರಿಸುವ, 22 ಮಿ.ಮೀ. ದಪ್ಪ, 1.8ರಿಂದ 2.4 ಮೀಟರ್ ಉದ್ದದ ಸರಳು. ಸಾಲಿಗೆ ಆರು, ಸಾಲುಗಳ ನಡುವೆ ಹೆಚ್ಚುಕಡಿಮೆ ಒಂದು ಮೀಟರ್, ಸೂರಿಗೆ ಉಕ್ಕಿನ ಜಾಲರಿ. 28 ಮಿ.ಮೀ. ತೂತಿಗೆ ರೆಸಿನ್ ಕೊಳವೆ ತುರುಕಿ ಬೋಲ್ಟ್ ತಿರುಗಿಸಿದರೆ ಒಳಗಿನ ಎರಡು ಅಂಟು ಬೆರೆತು ಗಟ್ಟಿಯಾಗುತ್ತದೆ. ಕೆಲವೇ ಸೆಕೆಂಡಿನ ಆಟ. ಕಡಿಮೆ ತಿರುಗಿಸಿದರೆ ಬೆರೆಯದು. ಅತಿಯಾದರೆ ಗಟ್ಟಿಯಾಗುತ್ತಿದ್ದ ರೆಸಿನ್ ಪುಡಿಯಾಗುತ್ತದೆ. ಕೊಳವೆಯ ಪ್ಲಾಸ್ಟಿಕ್ ಬೋಲ್ಟಿಗೆ ಕೈಗವಸಿನಂತೆ ಸುತ್ತಿಕೊಂಡು ಹಿಡಿತ ಕೆಡುವುದೂ ಉಂಟು. ಕೆಳಗೆ ನಿಂತವನಿಗೆ ಮಾತ್ರ ಬೋಲ್ಟಿನ ಬುಡದ ಎಲ್ಲ ಪ್ಲೇಟೂ ಒಂದೇ ಥರ! ಅದಕ್ಕೇ ಕೂಡುದಾರಿಗಳ ಸೂರಿನಲ್ಲಿ ಟೆಲ್‌ಟೇಲ್ ಎಂಬ ಸೂಚಕ ಇಳಿಬಿಟ್ಟಿರುತ್ತಾರೆ. ಮೇಲಿನ ಪದರ ಕೆಲವು ಮಿಲಿಮೀಟರ್ ಬಿಟ್ಟುಕೊಂಡರೂ ಅದರ ಬಣ್ಣದ ಪಟ್ಟಿ ಸರಿದು ತೋರಿಸುತ್ತದೆ.

ಕತ್ತರಿಸುವ ಗೋಡೆಯುದ್ದಕ್ಕೂ 2 ಮೀಟರ್ ಅಗಲದ ನೂರೈವತ್ತು ಶೀಲ್ಡ್‌ಗಳು, ಅಂದರೆ ಹೈಡ್ರಾಲಿಕ್ ಕಾಲುಗಳ ಮೇಲೆ ಸೂರನ್ನು ಹೊರುವ ಉಕ್ಕಿನ ಆಸರೆಗಳು. ಕಲ್ಲಿದ್ದಲು ಕೊಯ್ಯುವ ಯಂತ್ರ, ಶಿಯರರ್, ಮೀಟರಿನಷ್ಟು ಕೊಯ್ದು ದಾಟಿದೊಡನೆ ಶೀಲ್ಡ್ ತಗ್ಗುತ್ತದೆ, ಮುಂದೆ ಸರಿಯುತ್ತದೆ, ಮತ್ತೆ ಸೂರಿಗೆ ಒತ್ತಿ ನಿಲ್ಲುತ್ತದೆ. ಹಿಂದೆ ಸೂರು ಕುಸಿದು ಬಿದ್ದ ಜಾಗಕ್ಕೆ ಗೋಫ್ ಅನ್ನುತ್ತಾರೆ. ಕಾಲಿನ ಸೀಲ್ ಸೋರಿ ಒತ್ತಡ ಏರದಿದ್ದರೆ ಶೀಲ್ಡಿನ ಮೂತಿಗೂ ಕಲ್ಲಿದ್ದಲಿಗೂ ನಡುವಿನ ಕಲ್ಲು ಉದುರಿ ಪೊಟರೆಯಾಗುತ್ತದೆ. ಆಮೇಲೆ ಒತ್ತೋಣವೆಂದರೆ ಮೇಲೆ ಸೂರೇ ಇರದು.

ಇಷ್ಟಾದ ಮೇಲೆ ಹುಡುಗಿಯ ಇನ್ನೊಂದು ಪ್ರಶ್ನೆ: "ಬೀಳದೇ ಇದ್ದರೆ?"

ಭಯ ಇರುವುದೇ ಅಲ್ಲಿ. ಈಗಿನ ಛತ್ತೀಸ್‌ಗಢದ ಚುರ್ಚಾ ಗಣಿಯಲ್ಲಿ 1990ರಲ್ಲಿ ಆದದ್ದು ಅದು. ಕಲ್ಲಿದ್ದಲಿನ ಮೇಲೆ ಡೋಲರೈಟ್ ಎಂಬ ಗಟ್ಟಿ ಕಲ್ಲಿನ ದಪ್ಪ ಹಾಸು. ಭಾರ ಮೆಲ್ಲಗೆ ಇಳಿಯದೆ ಒಮ್ಮೆಗೇ ಎರಗಿ ಶೀಲ್ಡ್‌ಗಳನ್ನೇ ಜಖಂ ಮಾಡಿತು. ಲಾಂಗ್‌ವಾಲ್ ನಮ್ಮ ನೆಲಕ್ಕೆ ಒಗ್ಗದು ಅನ್ನುವವರಿಗೆ ಇಂಥ ಸಂಗತಿಗಳು ಕೈಗೆ ಸಿಕ್ಕವು. ನೆಲವನ್ನು ದೂರಿ ಏನು ಫಲ? ಗಟ್ಟಿ ಹಾಸು ಇದ್ದಲ್ಲಿ ಮೊದಲೇ ತೂತು ಕೊರೆದು, ನೀರಿನ ಒತ್ತಡದಿಂದಲೋ ಸಿಡಿಮದ್ದಿನಿಂದಲೋ ಸೀಳಿಟ್ಟು, ಚೂರುಚೂರಾಗಿ ಬೀಳುವಂತೆ ಮಾಡಲು ಬರುತ್ತದೆ.

"ಅಂದರೆ ಬೀಳಿಸೋದಕ್ಕೂ ಕೆಲಸಗಾರರು ಬೇಕು," ಅಂದಳು ಹುಡುಗಿ.