ಚಾರ್ಟಲ್ಲಿ ಸ್ಪ್ಯಾನಿಷ್ ಅಂತಿತ್ತು

ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ಒಂದು ಕಮ್ಯೂನಿಟಿ ಕ್ಲಿನಿಕ್‌ನಲ್ಲಿ ಡಯಾಬಿಟಿಸ್ ವಿಸಿಟ್ಸ್ ನೋಡೋ ಫಾರ್ಮಸಿಸ್ಟ್ ನಾನು. ಬರೋರಲ್ಲಿ ತುಂಬಾ ಜನ ಸ್ಟ್ರಾಬೆರಿ, ಲೆಟ್ಯೂಸ್ ಹೊಲದಲ್ಲಿ ದುಡಿಯೋರು. ಈ ವಿಷ್ಯ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಹಿಂಡುತ್ತೆ.

ಮಧ್ಯವಯಸ್ಸಿನ ಹೆಂಗಸು, ಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್) 11ರ ಮೇಲೆ, ಅಂದ್ರೆ ತುಂಬಾ ಜಾಸ್ತಿ, ಊಟದ ಇನ್ಸುಲಿನ್ ಶುರು ಮಾಡಿದ್ವಿ. ಚಾರ್ಟಲ್ಲಿ ಭಾಷೆ ಸ್ಪ್ಯಾನಿಷ್ ಅಂತಿತ್ತು, ವಿಡಿಯೋ ಇಂಟರ್‌ಪ್ರಿಟರ್ ಹಾಕಿ ಇನ್ಸುಲಿನ್ ಚುಚ್ಕೊಳ್ಳೋ ಪೆನ್ ತೋರಿಸ್ದೆ, ಡೋಸ್ ಹೇಳ್ದೆ, ಮುಂದಿನ ವಾರ ಲ್ಯಾಬ್‌ಗೆ ಖಾಲಿ ಹೊಟ್ಟೇಲಿ ಬನ್ನಿ, ಊಟ ಇಲ್ಲ ಅಂದ್ರೆ ಇನ್ಸುಲಿನ್ ಬೇಡ ಅಂದೆ, ಎಲ್ಲದಕ್ಕೂ ಅವರು "ಸಿ, ಸಿ" (ಸ್ಪ್ಯಾನಿಷಲ್ಲಿ ಹೌದು, ಹೌದು) ಅಂತ ತಲೆ ಆಡಿಸಿದ್ರು. ಟೀಚ್-ಬ್ಯಾಕ್ ಮಾಡಿಸ್ಬೇಕಿತ್ತು, ಅಂದ್ರೆ ನಾನು ಹೇಳಿದ್ದನ್ನ ಅವರ ಮಾತಲ್ಲೇ ವಾಪಸ್ ಹೇಳಿಸ್ಬೇಕಿತ್ತು. 20 ನಿಮಿಷದ ಸ್ಲಾಟಲ್ಲಿ ಎರಡು ನಿಮಿಷ ಉಳಿದಿತ್ತು, ಹೊರಗೆ ಮೂರು ಜನ ಕಾಯ್ತಿದ್ರು. ಅರ್ಥ ಆಯ್ತಾ ಅಂತ ಮಾತ್ರ ಕೇಳಿ ಬಾಕ್ಸ್ ಟಿಕ್ ಮಾಡ್ಬಿಟ್ಟೆ.

ಮುಂದಿನ ವಾರ ಬೆಳಿಗ್ಗೆ ಎಂಟಕ್ಕೆ ಬಂದ್ರು, ಖಾಲಿ ಹೊಟ್ಟೇಲಿ, ಇನ್ಸುಲಿನ್ ಚುಚ್ಕೊಂಡು. ವೇಟಿಂಗ್ ರೂಮಲ್ಲಿ ಮೈಯೆಲ್ಲಾ ಬೆವರು, ಕೈ ನಡುಕ. ಶುಗರ್ ನೋಡಿದ್ರೆ 43, ಅಪಾಯ ಅನ್ನೋಷ್ಟು ಕಡಿಮೆ. ಜ್ಯೂಸ್ ಕುಡಿಸಿ 15 ನಿಮಿಷ ಕಾದ್ವಿ, 58. ಇನ್ನೊಂದು ಜ್ಯೂಸ್, ಮತ್ತೆ 15 ನಿಮಿಷ. ಅವರ ಕೈ ಹಿಡ್ಕೊಂಡು ಗಡಿಯಾರ ನೋಡ್ತಾ, ನಂಗೆ ಬರೋ ಚೂರುಪಾರು ಸ್ಪ್ಯಾನಿಷಲ್ಲಿ ಏನೇನೋ ಕೇಳ್ತಿದ್ದೆ, ಅವರು ಆಗ್ಲೂ "ಸಿ" ಅಂತಲೇ ಅಂದ್ರು. ಕೊನೆಗೆ 84 ಬಂತು, ಅಪಾಯ ದಾಟ್ತು. ಅಷ್ಟರಲ್ಲಿ ನಮ್ಮ ಪ್ರೊಮೊತೋರಾ (ಸಮುದಾಯದ ಆರೋಗ್ಯ ಕಾರ್ಯಕರ್ತೆ) ಬಂದು ಪಕ್ಕದಲ್ಲಿ ಕೂತು ಬೇರೆ ಯಾವ್ದೋ ಭಾಷೇಲಿ ಎರಡು ಮಾತಾಡಿದ್ರು ನೋಡಿ, ಆಯಮ್ಮ ಅಳೋಕೆ ಶುರು ಮಾಡಿದ್ರು, ಆಮೇಲೆ ಮಾತು ನಿಲ್ಲಲೇ ಇಲ್ಲ.

ಮಿಸ್ತೆಕೊ. ಮೆಕ್ಸಿಕೋದ ವಹಾಕಾ ಕಡೆಯೋರು. ಸ್ಪ್ಯಾನಿಷ್‌ಗೂ ಅದಕ್ಕೂ ನಂಟೇ ಇಲ್ಲ, ಊರಿಂದೂರಿಗೆ ಬೇರೆ ಬೇರೆ ಥರ ಆಡ್ತಾರೆ.

ಬೆಂಗಳೂರಿನ ಒಂದು ಬ್ಯಾಂಕಲ್ಲಿ ಹಿಂದೀಲಿ ಹೇಳಿದ್ದಕ್ಕೆಲ್ಲಾ ನಮ್ಮಮ್ಮ "ಹ್ಞಾಂ ಹ್ಞಾಂ" ಅಂದು ಸಹಿ ಹಾಕಿ ಬಂದಿದ್ರು ಅಂತ ಮ್ಯಾನೇಜರ್ ಹತ್ರ ಹೋಗಿ ಜಗಳ ಆಡಿದೋನು ನಾನು. ಅಂಥ ನನಗೇ ಇದು ಹೊಳೀಲಿಲ್ಲ.

2024ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ವಲಸೆ ಪೇಪರ್ಸ್ ಇಲ್ದಿರೋರಿಗೂ ವಯಸ್ಸು ನೋಡ್ದೆ ಮೆಡಿ-ಕ್ಯಾಲ್ (ಕಡಿಮೆ ಆದಾಯದೋರಿಗೆ ಸರ್ಕಾರದ ಆರೋಗ್ಯ ವಿಮೆ) ಸಿಕ್ತು, ನಾವೆಲ್ಲಾ ಖುಷಿ ಪಟ್ವಿ (2026ರ ಜನವರಿಯಿಂದ ಅಂಥ ದೊಡ್ಡೋರ ಹೊಸ ಅರ್ಜಿಗಳಿಗೆ ಮತ್ತೆ ತಡೆ). ಆದ್ರೆ ಕಾರ್ಡ್ ಇದ್ದು ಭಾಷೆ ಮುಟ್ಟದಿದ್ರೆ ಏನು ಬಂತು? ಇಂಟರ್‌ಪ್ರಿಟರ್ ಉಚಿತವಾಗಿ ಕೊಡ್ಬೇಕು ಅಂತ ಕಾನೂನಿದೆ. ನಮ್ಮ ಸಾಫ್ಟ್‌ವೇರಲ್ಲಿ ಮಿಸ್ತೆಕೊ "ಅದರ್" ಅನ್ನೋದ್ರೊಳಗೆ ಹೂತೋಗಿದೆ, ಮೆಕ್ಸಿಕೋ ಅಂದ ತಕ್ಷಣ ಫ್ರಂಟ್ ಡೆಸ್ಕ್ ಸ್ಪ್ಯಾನಿಷ್ ಒತ್ತುತ್ತಾರೆ. ಮಿಸ್ತೆಕೊಗೆ ರಿಲೇ ಇಂಟರ್‌ಪ್ರಿಟಿಂಗ್ ಮಾಡಿಸ್ಬೇಕು ಅಂದ್ರೆ ಇಂಗ್ಲಿಷಿಂದ ಸ್ಪ್ಯಾನಿಷ್, ಅಲ್ಲಿಂದ ಮಿಸ್ತೆಕೊ, ವಾಪಸ್ ಅದೇ ದಾರಿ, ಎರಡರಷ್ಟು ಟೈಮ್ ಬೇಕು. ಸ್ಲಾಟ್ 40 ನಿಮಿಷ ಮಾಡಿ ಅಂತ ಮೂರು ಮೀಟಿಂಗಲ್ಲಿ ಕೇಳಿದೀನಿ, ಪ್ರೊಡಕ್ಟಿವಿಟಿ ಶೀಟ್ ತೋರಿಸ್ತಾರೆ. ಈಗ ನಾನೇ ಎರಡು ಸ್ಲಾಟ್ ಬ್ಲಾಕ್ ಮಾಡ್ಕೋತೀನಿ. ಮನೇಲಿ ಯಾವ ಭಾಷೆ ಆಡ್ತೀರಾ ಅನ್ನೋದೇ ಮೊದಲ ಪ್ರಶ್ನೆ.

ಹಾಗೆ ಕೂತ ಮೊದಲ ವಿಸಿಟಲ್ಲಿ ಆ ಹೆಂಗಸೇ ಕೇಳಿದ್ರು: ಹಣ್ಣು ಕೀಳೋವಾಗ ಪೆನ್ ಎಲ್ಲಿಡ್ಲಿ? ಬಿಸಿಗೆ ಇನ್ಸುಲಿನ್ ಕೆಟ್ಟೋಗುತ್ತೆ, ಅಲ್ಲೀವರೆಗೂ ಬಿಸಿಲಲ್ಲಿ ನಿಂತ ಕಾರೊಳಗೇ ಇಡ್ತಿದ್ರಂತೆ.