ಚಾಮರಾಜಪುರಂ ಮನೆಯ ಜ್ಯೂಕ್‌ಬಾಕ್ಸ್

ಮೈಸೂರಿನ ಚಾಮರಾಜಪುರಂನಲ್ಲಿರುವ ನನ್ನ ಸೋದರಮಾವನ ಮನೆಯ ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ಎದುರಾಗಿ, ಗುಂಡಿ ಒತ್ತಿದರೆ ಬೇಕಾದ ಹಾಡಿನ ತಟ್ಟೆಯನ್ನು (ರೆಕಾರ್ಡನ್ನು) ತಾನೇ ಆರಿಸಿ ನುಡಿಸುವ, ಅಮೆರಿಕದಲ್ಲಿ ತಯಾರಾದ ಹಳೆಯ ಜ್ಯೂಕ್‌ಬಾಕ್ಸ್ ಒಂದಿದೆ. ಮಾವ ತೀರಿಕೊಂಡ ಮೇಲೆ ಅದಕ್ಕೆ ಹೊದಿಸಿದ್ದ ಬೆಡ್‌ಶೀಟನ್ನು ಯಾರೂ ತೆಗೆದಿರಲಿಲ್ಲ. ಕಳೆದ ದಸರಾ ರಜೆಯಲ್ಲಿ ನಾನು ಹೋಗಿದ್ದಾಗ ಅತ್ತೆ, "ಅದು ಹಾಡತ್ತೋ ಇಲ್ವೋ ಒಂದ್ಸಲ ನೋಡ್ತೀಯೇನಪ್ಪಾ" ಎಂದು ಕೇಳಿದರು. ಡಿಪ್ಲೊಮಾ ಓದುವಾಗ ಕಲಿತ ವಿದ್ಯೆಯನ್ನು ನಂಬಿ ನಾನು ಒಪ್ಪಿಕೊಂಡೆ.

ಸ್ವಿಚ್ಚು ಹಾಕಿದಾಗ ದೀಪಗಳು ಹತ್ತಿದವು, ಗುಂಡಿ ಒತ್ತಿದಾಗ ತಟ್ಟೆಗಳನ್ನು ಜೋಡಿಸಿಟ್ಟ ದುಂಡನೆಯ ಕಟ್ಟು ನರಳುತ್ತಾ ತಿರುಗಿತು, ಕೈಯಂತಹ ಹಿಡಿಕೆ ಒಂದು ತಟ್ಟೆಯನ್ನು ಎತ್ತಿ ತಂದು ಇಟ್ಟಿತು. ಆದರೆ ತಟ್ಟೆ ತಿರುಗಲಿಲ್ಲ. ಒಳಗಿನಿಂದ ಗುಂಯ್‌ಗುಡುವ ಸದ್ದು ಮಾತ್ರ ಬರುತ್ತಿತ್ತು. ಈ ಯಂತ್ರದಲ್ಲಿ ಮೂರು ಮೋಟಾರುಗಳಿವೆ: ಕಟ್ಟನ್ನು ತಿರುಗಿಸುವುದೊಂದು, ಹಿಡಿಕೆಯನ್ನು ಆಡಿಸುವುದೊಂದು, ತಟ್ಟೆಯನ್ನು ತಿರುಗಿಸುವುದೊಂದು. ಮೂರನೆಯದಕ್ಕೆ ಬೆರಳಿನಿಂದ ಸ್ವಲ್ಪ ಚಾಲನೆ ಕೊಟ್ಟರೆ ನಾಲ್ಕು ಸುತ್ತು ತಿರುಗಿ ನಿಲ್ಲುತ್ತಿತ್ತು. ಹತ್ತು ನಿಮಿಷದಲ್ಲಿ ಅದರ ಮೈ ಮುಟ್ಟಲಾಗದಷ್ಟು ಕಾದಿತ್ತು.

ಅಂದು ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಏಕೆಂದರೆ ಹಳೆಯ ಯಂತ್ರಗಳ ವಿಷಯದಲ್ಲಿ ಬಹಳಷ್ಟು ಜನ ಅದನ್ನೇ ಮಾಡುತ್ತಾರೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಯನ್ನು ತಂದು ಮೋಟಾರಿನ ಎರಡೂ ತುದಿಗೆ ಚಿಮುಕಿಸಿದೆ. ಮೋಟಾರು ತಕ್ಷಣ ತಿರುಗಿತು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಮರುದಿನ ಬೆಳಿಗ್ಗೆ ನೋಡಿದರೆ ಅದು ಮೊದಲಿಗಿಂತ ಬಿಗಿಯಾಗಿ ಹಿಡಿದುಕೊಂಡಿತ್ತು.

ಮೋಟಾರನ್ನು ಬಿಚ್ಚಿ, ಯಾವ ತಂತಿ ಎಲ್ಲಿಗೆ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡು, ಮಂಡಿ ಮೊಹಲ್ಲಾದ ಒಂದು ವೈಂಡಿಂಗ್ ಅಂಗಡಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿಯ ಕೆಲಸವೆಲ್ಲ ಪಂಪ್‌ಸೆಟ್, ಫ್ಯಾನು, ಮಿಕ್ಸಿಗಳದ್ದು. ಕಾಯಿಲ್ ಸುಟ್ಟಿರಬೇಕು, ಹೊಸದಾಗಿ ಸುತ್ತಿಸಬೇಕು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಅವರು ಮೊದಲು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು, ಆಮೇಲೆ ಮೀಟರು ಹಿಡಿದು ಕಾಯಿಲ್ ಕಡಿದಿಲ್ಲವೆಂದೂ ಮೋಟಾರಿನ ಲೋಹದ ಮೈಗೆ ತಾಗಿಲ್ಲವೆಂದೂ ಖಚಿತಪಡಿಸಿಕೊಂಡರು. "ಕಾಯ್ಲ್‌ಗೆ ಏನೂ ಆಗಿಲ್ಲ ಸ್ವಾಮಿ. ಬುಷ್ ಒಣಗೈತೆ. ಎಣ್ಣೆ ಇಲ್ದೆ ಉಪವಾಸ ಬಿದ್ದೈತೆ" ಎಂದರು.

ತಟ್ಟೆ ತಿರುಗಿಸುವ ಮೋಟಾರು ಷೇಡೆಡ್ ಪೋಲ್ ಜಾತಿಯದು. ಅದಕ್ಕೆ ಕೆಪಾಸಿಟರ್ ಇರುವುದಿಲ್ಲ, ಧ್ರುವದ ಒಂದು ಮೂಲೆಗೆ ಸುತ್ತಿದ ತಾಮ್ರದ ಉಂಗುರವೇ ಅದನ್ನು ಹೊರಡಿಸುತ್ತದೆ. ರಚನೆ ಸರಳ, ಸದ್ದು ಕಡಿಮೆ, ಆದರೆ ಹೊರಡುವಾಗಿನ ಬಲ ತೀರ ಅಲ್ಪ. ಆದ್ದರಿಂದ ಪಂಪ್‌ಸೆಟ್ಟಿನ ಮೋಟಾರು ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು ಚಿಕ್ಕ ಬಿಗಿತವೂ ಇದನ್ನು ನಿಲ್ಲಿಸಿಬಿಡುತ್ತದೆ. ಅದರ ದಂಡ ತಿರುಗುವ ಬಳೆಗಳು, ಅಂದರೆ ಬುಷ್ಷುಗಳು, ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದಂಥವು. ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಅವು ಎಣ್ಣೆಯನ್ನು ಹಿಡಿದಿಟ್ಟುಕೊಂಡಿರುತ್ತವೆ, ಸುತ್ತಲಿನ ಉಣ್ಣೆಯ ಫೆಲ್ಟು ಆ ಎಣ್ಣೆಯನ್ನು ನಿಧಾನವಾಗಿ ಉಣಿಸುತ್ತಿರುತ್ತದೆ. ದಶಕಗಳಲ್ಲಿ ಆ ಎಣ್ಣೆ ಅಂಟಾಗಿ, ವಾರ್ನಿಶ್ಶಿನಂತೆ ಗಟ್ಟಿಯಾಗಿತ್ತು. ನಾನು ಹೊಡೆದ ಸ್ಪ್ರೇ ಆ ಅಂಟನ್ನು ಒಂದು ರಾತ್ರಿಯ ಮಟ್ಟಿಗೆ ಕರಗಿಸಿ, ಉಳಿದಿದ್ದ ಒಂದಿಷ್ಟು ಎಣ್ಣೆಯನ್ನೂ ತೊಳೆದುಕೊಂಡು ಹೋಗಿತ್ತು.

ಮೇಸ್ತ್ರಿ ಬುಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಕೊಳೆ ಬಿಡದ ಜಾಗಕ್ಕೆ ಉಪ್ಪುಕಾಗದ ಹಾಕಲೇ ಎಂದು ನಾನು ಕೇಳಿದಾಗ ಅವರ ಮುಖ ಗಂಟಿಕ್ಕಿತು, ಏಕೆಂದರೆ ಉಜ್ಜಿದರೆ ರಂಧ್ರಗಳು ಮುಚ್ಚಿಹೋಗಿ ಬುಷ್ಷು ಬರಿಯ ಲೋಹದ ಬಳೆಯಾಗುತ್ತದೆ. ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಬೆಚ್ಚಗೆ ಮಾಡಿದ ತೆಳು ಟರ್ಬೈನ್ ಎಣ್ಣೆಯಲ್ಲಿ ಮುಳುಗಿಸಿದಾಗ ಕಂಚಿನೊಳಗಿನಿಂದ ಸಣ್ಣ ಗುಳ್ಳೆಗಳು ಏಳತೊಡಗಿದವು. ಗುಳ್ಳೆ ನಿಲ್ಲುವವರೆಗೆ ಕಾಯಬೇಕು, ಅಷ್ಟೇ. ಎರಡು ಲೋಟ ಚಹಾ ಕುಡಿಯುವಷ್ಟು ಹೊತ್ತು ನಾವಿಬ್ಬರೂ ಆ ಬಟ್ಟಲನ್ನೇ ನೋಡುತ್ತಾ ಕುಳಿತಿದ್ದೆವು. ಮೂರು ಮೋಟಾರುಗಳಿಗೂ ಇದೇ ಉಪಚಾರವಾಯಿತು. ಹಿಡಿಕೆಯ ಮೋಟಾರಿನ ಕೆಪಾಸಿಟರ್ ಉಬ್ಬಿದ್ದರಿಂದ ಅದೊಂದನ್ನು ಬದಲಿಸಿದೆವು. ಮೋಟಾರುಗಳನ್ನು ಕೂರಿಸುವ, ಕಲ್ಲಿನಂತಾಗಿದ್ದ ರಬ್ಬರ್ ಬುಷ್ಷುಗಳ ಜಾಗಕ್ಕೆ ಮೆತ್ತನೆಯವನ್ನು ಹಾಕಿದೆವು, ಇಲ್ಲದಿದ್ದರೆ ಮೋಟಾರಿನ ನಡುಕ ಹಾಡಿನೊಳಗೆ ಗುಡುಗಿನಂತೆ ಕೇಳಿಸುತ್ತದೆ.

ಮನೆಗೆ ತಂದು ಜೋಡಿಸಿದಾಗ ತಟ್ಟೆ ಮೃದುವಾಗಿ ತಿರುಗಿತು. ಪಿ.ಬಿ. ಶ್ರೀನಿವಾಸ್ ಅವರ ಕಂಠ ಕೇಳಿಸಿತು. ಅತ್ತೆ ಕಣ್ಣು ಒರೆಸಿಕೊಂಡರು. ನನಗೆ ಮಾತ್ರ ಏನೋ ಸರಿಯಿಲ್ಲವೆನಿಸಿತು, ಆ ಕಂಠ ನಾನು ಬಲ್ಲುದಕ್ಕಿಂತ ಭಾರವಾಗಿತ್ತು. ತಟ್ಟೆಯ ಅಂಚಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ 45 ಸುತ್ತು ಬರಬೇಕಾದಲ್ಲಿ 37 ದಾಟಿ 38 ಮುಟ್ಟುತ್ತಿರಲಿಲ್ಲ.

ಕಾರಣ ಹೊಳೆಯಲು ತಡವಾಗಲಿಲ್ಲ. ಅಮೆರಿಕದ ಕರೆಂಟು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತ, ನಮ್ಮದು 50. ಮಾವ ಇಟ್ಟಿದ್ದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಮುಟ್ಟುವುದಿಲ್ಲ, ಮತ್ತು ಈ ಜಾತಿಯ ಮೋಟಾರಿನ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಹರ್ಟ್ಸೇ. 45ರ ಆರರಲ್ಲೈದು ಪಾಲು 37.5. ಕಟ್ಟು ನಿಧಾನವಾಗಿ ತಿರುಗಿದರೆ ನಷ್ಟವಿಲ್ಲ, ಹಿಡಿಕೆ ನಿಧಾನವಾಗಿ ಎತ್ತಿದರೂ ನಷ್ಟವಿಲ್ಲ, ಹಾಡು ಮಾತ್ರ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿದುಬಿಡುತ್ತದೆ.

ಮೋಟಾರಿನ ದಂಡಕ್ಕೂ ತಟ್ಟೆಯನ್ನು ಹೊತ್ತು ತಿರುಗುವ ಪೀಠದ ಅಂಚಿಗೂ ನಡುವೆ ರಬ್ಬರ್ ಚಕ್ರವೊಂದಿದೆ. ಅದನ್ನು ದೊಡ್ಡದು ಮಾಡಿದರೆ ವೇಗ ಹೆಚ್ಚುತ್ತದೆಂದು ಹಲವರು ತಿಳಿಯುತ್ತಾರೆ. ನಡುವಿನ ಚಕ್ರದ ಗಾತ್ರ ಲೆಕ್ಕಕ್ಕೆ ಬರುವುದೇ ಇಲ್ಲ, ಬದಲಾಗಬೇಕಾದ್ದು ದಂಡದ ದಪ್ಪ. 5 ಮಿಲಿಮೀಟರಿನ ದಂಡಕ್ಕೆ ಹೊರಗಿನ ಅಡ್ಡಳತೆ 6 ಮಿಲಿಮೀಟರ್ ಇರುವ ಹಿತ್ತಾಳೆಯ ಕೊಳವೆ, ಅಂದರೆ ಸ್ಲೀವ್, ತೊಡಿಸಿದರೆ ಐದಕ್ಕೆ ಆರರ ಲೆಕ್ಕ ಸರಿಹೋಗುತ್ತದೆ. ಮೇಸ್ತ್ರಿಗೆ ಪರಿಚಯವಿದ್ದ ಲೇತ್ ಕೆಲಸಗಾರರೊಬ್ಬರು ಅದನ್ನು ಕಡೆದು, ಬೇಕೆಂದಾಗ ತೆಗೆಯಲು ಬರುವಂತೆ ಸಾಸಿವೆಕಾಳಿನಷ್ಟು ಸ್ಕ್ರೂ ಇಟ್ಟುಕೊಟ್ಟರು. ಮೊದಲ ಸ್ಲೀವ್ ಕೂದಲೆಳೆಯಷ್ಟು ಓರೆಯಾಗಿದ್ದರಿಂದ ಸ್ವರ ತೂಗಾಡಿತು, ಎರಡನೆಯದು ಕೂತಿತು. 133 ಗೆರೆಗಳ ವೃತ್ತವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಟ್ಟೆಯ ಮೇಲಿಟ್ಟು, ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದೆ. 50 ಹರ್ಟ್ಸಿನಲ್ಲಿ ಆ ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ವೇಗ 45ಕ್ಕೆ ಬಂದಾಗ ಗೆರೆಗಳು ನಿಂತಲ್ಲೇ ನಿಂತಂತೆ ಕಾಣುತ್ತವೆ. ಗೆರೆಗಳು ಬಹುಮಟ್ಟಿಗೆ ನಿಂತವು. ಅದೇ ಸಂಜೆ ಎರಡು ಕಡ್ಡಿಯ ಹಳೆಯ ಪ್ಲಗ್ಗನ್ನು ಕಿತ್ತು, ಲೋಹದ ಚೌಕಟ್ಟಿಗೆ ಅರ್ಥಿಂಗ್ ಇರುವ ಮೂರು ತಂತಿಯ ವೈರು ಹಾಕಿದೆ. ಮಕ್ಕಳು ಓಡಾಡುವ ಮನೆಯಲ್ಲಿ ಇದನ್ನು ಮೊದಲೇ ಮಾಡಬೇಕಿತ್ತು.

ಈಗ ಹಾಡು ಸರಿಯಾಗಿ ಕೇಳಿಸಿತು. ಅತ್ತೆ ಪೂರ್ತಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ರೇಡಿಯೋದಲ್ಲಿ ಬರೋ ಥರ ಇದೆಯಲ್ಲೋ" ಎಂದರು. "ರೇಡಿಯೋದವರು ಯಾಕೋ ಅವಸರ ಮಾಡ್ತಾರೆ, ನಮ್ಮ ಪೆಟ್ಟಿಗೇಲಿ ನಿಧಾನವಾಗಿ ಹಾಡ್ತಾರೆ ಅಂತ ನಿಮ್ಮ ಮಾವ ಹೇಳ್ತಿದ್ರು."

ಮಾವ ಈ ಯಂತ್ರದಲ್ಲಿ ಕೇಳಿದ್ದೆಲ್ಲವೂ 37.5ರಲ್ಲೇ ಎಂಬುದು ನನಗೆ ಆಗ ತಿಳಿಯಿತು. ನಮ್ಮಲ್ಲಿ ಅಚ್ಚಾದ ಚಿಕ್ಕ ತೂತಿನ ತಟ್ಟೆಗಳ ನಡುವನ್ನು ಒಂದೂವರೆ ಇಂಚಿಗೆ ಕೊರೆಸಿ ಈ ಯಂತ್ರಕ್ಕೆ ಹೊಂದಿಸುವಷ್ಟು ಅಕ್ಕರೆ ಅವರಿಗಿತ್ತು. ಆ ಭಾರವಾದ ಕಂಠವೇ ಅವರಿಗೆ ನಿಜವಾದ ಕಂಠವಾಗಿತ್ತು.

"ಆ ಹಿತ್ತಾಳೇದು ತೆಗೆಯೋಕೆ ಬರತ್ತಾ?" ಎಂದು ಅತ್ತೆ ಕೇಳಿದರು. ನಾನು ಸ್ಕ್ರೂ ಸಡಿಲಿಸಿದೆ. ಸ್ಪ್ರಿಂಗಿನ ಎಳೆತಕ್ಕೆ ರಬ್ಬರ್ ಚಕ್ರ ತಾನೇ ಒಂದಿಷ್ಟು ಮುಂದೆ ಬಂದು ದಂಡವನ್ನು ತಾಗಿ ನಿಂತಿತು. ಅದೇ ತಟ್ಟೆಯ ಅದೇ ಹಾಡನ್ನು ಮತ್ತೆ ಹಾಕಿದೆ.

ಆಯುಧಪೂಜೆಯ ದಿನ ಮೂರು ಮೋಟಾರಿನ ಫೆಲ್ಟಿಗೂ ಎರಡೆರಡು ತೊಟ್ಟು ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಒರೆಸಿ, ಪೆಟ್ಟಿಗೆಗೆ ಕುಂಕುಮವಿಟ್ಟು ಬಂದೆ. ಸ್ಲೀವನ್ನು ಮತ್ತೆ ದಂಡಕ್ಕೆ ತೊಡಿಸಿದ್ದೇನೆ. ಅದನ್ನು ತೆಗೆಯುವ ಪುಟ್ಟ ಸ್ಕ್ರೂಡ್ರೈವರಿಗೆ ದಾರ ಕಟ್ಟಿ, ಅತ್ತೆಗೆ ಸಿಗುವಂತೆ ಮುಚ್ಚಳದ ಒಳಗಡೆ ನೇತುಹಾಕಿದ್ದೇನೆ.