ಕೋಸ್ಟರಿಕಾಗೆ ಮೊದಲ ಸಲ ಹೋಗ್ತಿದ್ದೀರಾ? ಜಾಗ ಕಮ್ಮಿ ಮಾಡ್ಕೊಳ್ಳಿ, ಟೈಮ್ ಜಾಸ್ತಿ ಇಟ್ಕೊಳ್ಳಿ

ಕೋಸ್ಟರಿಕಾ ಮ್ಯಾಪಲ್ಲಿ ನೋಡಿದ್ರೆ ಅಂಗೈಯಗಲ. ಒಟ್ಟು 51 ಸಾವಿರ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಒಂಚೂರು ಜಾಸ್ತಿ ಅಷ್ಟೇ. ಅದನ್ನ ನೋಡಿನೇ ಎಲ್ರೂ ಒಂದು ವಾರದೊಳಗೆ ಜ್ವಾಲಾಮುಖಿ, ಮೋಡದ ಕಾಡು, ಆ ಕಡೆ ಸಮುದ್ರ, ಈ ಕಡೆ ಸಮುದ್ರ, ಆಮೆ ಮೊಟ್ಟೆ ಇಡೋದು ಎಲ್ಲಾ ತುರುಕಿ ಪ್ಲಾನ್ ಮಾಡ್ತಾರೆ, ಆಮೇಲೆ ಅರ್ಧ ರಜೆ ಕಾರಲ್ಲೇ ಕಳೆದು ಬರ್ತಾರೆ. ದೇಶದ ನಡುವೆ ಉದ್ದಕ್ಕೂ ಬೆಟ್ಟ ಇರೋದ್ರಿಂದ ಇಲ್ಲಿ ಕಿಲೋಮೀಟರ್ ಲೆಕ್ಕ ನಡೆಯಲ್ಲ, ಗಂಟೆ ಲೆಕ್ಕ ಮಾತ್ರ. ರಾಜಧಾನಿ ಸಾನ್ ಹೊಸೆ ಏರ್‌ಪೋರ್ಟಿಂದ ಅರೆನಾಲ್ ಜ್ವಾಲಾಮುಖಿ ಪಕ್ಕದ ಊರು ಲಾ ಫೋರ್ತುನಾಗೆ ಮೂರು ಗಂಟೆ ಹತ್ರ ಬೇಕು. ಲಾ ಫೋರ್ತುನಾದಿಂದ ಮೋಡದ ಕಾಡಿರೋ ಮೊಂತೆವೆರ್ದೆ ಕಾಗೆ ಹಾರಿದ ಹಾಗೆ ಹೋದ್ರೆ ಪಕ್ಕದಲ್ಲೇ ಇದೆ, ಆದ್ರೆ ಅರೆನಾಲ್ ಕೆರೆ ಸುತ್ತಿಕೊಂಡು ಹೋಗ್ಬೇಕು, ಮತ್ತೆ ಮೂರು ಗಂಟೆ ಮೇಲೆ.

ನಾವು ಹ್ಯೂಸ್ಟನ್ನಿಂದ ಹೋಗಿದ್ದು, ಫ್ಲೈಟ್ ನಾಲ್ಕು ಗಂಟೆ ಅಷ್ಟೇ. ಜೊತೇಲಿ ಮೂಡಿಗೆರೆಯಿಂದ ಬಂದಿದ್ದ ಅಪ್ಪ ಅಮ್ಮ. ಅವರಿದ್ದಿದ್ದಕ್ಕೇ ಲಾ ಫೋರ್ತುನಾ, ಮೊಂತೆವೆರ್ದೆ, ಪೆಸಿಫಿಕ್ ತೀರದ ಮನುವೆಲ್ ಅಂತೋನಿಯೊ ಮೂರೇ ಜಾಗ ಅಂತ ಮೊದಲೇ ತೀರ್ಮಾನ ಮಾಡಿದ್ವಿ, ಮಧ್ಯದಲ್ಲಿ ಒಂದು ಕಾಫಿ ತೋಟ. ಒಂದು ವಾರಕ್ಕೆ ಇದಕ್ಕಿಂತ ಜಾಸ್ತಿ ಹಾಕ್ಕೋಬೇಡಿ ಅಂತಲೇ ನಾನು ಎಲ್ರಿಗೂ ಹೇಳೋದು.

ಮೊದಲು ವೀಸಾ ವಿಷಯ. ಭಾರತದ ಪಾಸ್‌ಪೋರ್ಟಲ್ಲಿ ಚಾಲ್ತಿಯಲ್ಲಿರೋ ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ ಇದ್ರೆ ಬೇರೆ ವೀಸಾ ಬೇಡ, ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲೇ ಬಂದ್ರು. ಗ್ರೀನ್ ಕಾರ್ಡ್ ಇದ್ರೂ ಆಗುತ್ತೆ. ಇದ್ಯಾವುದೂ ಇಲ್ದೆ ಇಂಡಿಯಾದಿಂದ ನೇರ ಹೋಗೋರು ದೆಹಲಿಯ ಕೋಸ್ಟರಿಕಾ ರಾಯಭಾರ ಕಚೇರಿಯಲ್ಲಿ ವೀಸಾ ಮಾಡಿಸ್ಬೇಕು. ರೂಲ್ಸ್ ಬದಲಾಗ್ತಾ ಇರುತ್ತೆ, ಟಿಕೆಟ್ ಮಾಡೋ ಮುಂಚೆ ಅವರ ವೆಬ್‌ಸೈಟ್ ಒಂದ್ಸಲ ನೋಡಿ. ಇನ್ನೊಂದು, ಅಮೆರಿಕದಲ್ಲಿ ಎಚ್1ಬಿ ಕೆಲಸದ ವೀಸಾ ಮೇಲಿರೋರು ಇದನ್ನ ಎರಡು ಸಲ ಓದಿ: ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟ್ಯಾಂಪ್ ಎಕ್ಸ್‌ಪೈರ್ ಆಗಿದ್ದು ಬರೀ ಅಪ್ರೂವಲ್ ಪೇಪರ್ ಮಾತ್ರ ಇದ್ರೆ ಕೋಸ್ಟರಿಕಾಗೆ ಹೋಗ್ಲೇಬೇಡಿ. ಕೆನಡಾ, ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರೋರಿಗೆ ಇರೋ ವಿನಾಯಿತಿ ಮಧ್ಯ ಅಮೆರಿಕದ ದೇಶಗಳಿಗೆ ಇಲ್ಲ, ವಾಪಸ್ ಬರೋಕೆ ಫ್ಲೈಟ್ ಹತ್ತಿಸಲ್ಲ. ರಿಟರ್ನ್ ಟಿಕೆಟ್ ಪ್ರಿಂಟ್ ಕೈಯಲ್ಲಿರ್ಲಿ, ಚೆಕ್-ಇನ್ ಕೌಂಟರಲ್ಲೇ ಕೇಳ್ತಾರೆ.

ಯಾವಾಗ ಹೋಗೋದು ಅಂದ್ರೆ, ಡಿಸೆಂಬರಿಂದ ಏಪ್ರಿಲ್ ಒಣ ಕಾಲ, ರಶ್ಶೂ ಜಾಸ್ತಿ ರೇಟೂ ಜಾಸ್ತಿ, ಕ್ರಿಸ್‌ಮಸ್ ಮತ್ತೆ ಈಸ್ಟರ್ ವಾರ ಅಂತೂ ಬೇಡವೇ ಬೇಡ. ಮೇಯಿಂದ ನವೆಂಬರ್ ಮಳೆ, ಆದ್ರೆ ಇಡೀ ದಿನ ಸುರಿಯೋದು ಕಮ್ಮಿ, ಸಾಮಾನ್ಯವಾಗಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮಳೆ. ಮಲೆನಾಡಲ್ಲಿ ಬೆಳೆದೋರಿಗೆ ಅದೇನು ದೊಡ್ಡದಲ್ಲ. ಪೆಸಿಫಿಕ್ ಕಡೆ ಸೆಪ್ಟೆಂಬರ್ ಅಕ್ಟೋಬರಲ್ಲಿ ಜೋರು ಮಳೆ, ಅದೇ ಟೈಮಲ್ಲಿ ಕೆರಿಬಿಯನ್ ಕಡೆ ಮಳೆ ಕಮ್ಮಿ. ಆಮೆ ನೋಡ್ಲೇಬೇಕು ಅನ್ನೋರು ಜುಲೈ-ಅಕ್ಟೋಬರಲ್ಲಿ ಕೆರಿಬಿಯನ್ ತೀರದ ತೋರ್ತುಗೇರೊಗೆ ಹೋಗ್ಬಹುದು, ಅಲ್ಲಿಗೆ ರಸ್ತೆ ಇಲ್ಲ, ದೋಣಿಯಲ್ಲೋ ಸಣ್ಣ ವಿಮಾನದಲ್ಲೋ ಹೋಗ್ಬೇಕು, ಅದನ್ನ ಬೇರೆ ಟ್ರಿಪ್ಪಿಗೇ ಇಟ್ಕೊಳ್ಳಿ.

ಕಾರ್ ಬಾಡಿಗೆ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಎಲ್ರೂ ಶಾಕ್ ಆಗೋದು ಇಲ್ಲೇ. ಆನ್‌ಲೈನಲ್ಲಿ ದಿನಕ್ಕೆ ಹತ್ತು ಹದಿನೈದು ಡಾಲರ್ ಅಂತ ತೋರಿಸುತ್ತೆ, ಕೌಂಟರಿಗೆ ಹೋದ್ರೆ ಮೂರು ಪಟ್ಟು. ಅದು ಮೋಸ ಏನಲ್ಲ, ಬೇರೆಯವರಿಗೆ ಆಗೋ ಹಾನಿಗೆ ಅಂತ ಲೋಕಲ್ ಇನ್ಶೂರೆನ್ಸ್ ಅಲ್ಲಿ ಕಾನೂನು ಪ್ರಕಾರ ಕಡ್ಡಾಯ, ನಿಮ್ಮ ಕ್ರೆಡಿಟ್ ಕಾರ್ಡ್ ಇನ್ಶೂರೆನ್ಸ್ ಅದಕ್ಕೆ ಬರಲ್ಲ. ಆದ್ರಿಂದ ಬುಕ್ ಮಾಡುವಾಗ್ಲೇ ಮೇಲ್ ಹಾಕಿ, ಕಡ್ಡಾಯ ಇನ್ಶೂರೆನ್ಸ್ ಸೇರಿಸಿ ಒಟ್ಟು ಎಷ್ಟು ಅಂತ ಬರವಣಿಗೆಯಲ್ಲಿ ತರಿಸ್ಕೊಳ್ಳಿ. ಕಾರು ತಗೊಳ್ಳುವಾಗ ಸುತ್ತಲೂ ವಿಡಿಯೋ ಮಾಡಿಟ್ಕೊಳ್ಳಿ, ಟೈರ್ ಕೂಡ. ಹೈವೇ ಚೆನ್ನಾಗಿದೆ, ಒಳರಸ್ತೆಗಳಲ್ಲಿ ಹೊಂಡ, ಜಲ್ಲಿಕಲ್ಲು, ಒಂದೇ ಗಾಡಿ ದಾಟೋ ಸೇತುವೆ, ಅದಕ್ಕೇ ಸ್ವಲ್ಪ ಎತ್ತರದ ಗಾಡಿ ಒಳ್ಳೇದು. ತೊರೆ ದಾಟೋಕೆ ಹೋಗಿ ಗಾಡಿ ಕೆಟ್ರೆ ಯಾವ ಇನ್ಶೂರೆನ್ಸೂ ಸಾಮಾನ್ಯವಾಗಿ ಕೊಡಲ್ಲ. ವರ್ಷಪೂರ್ತಿ ಸಂಜೆ ಐದೂವರೆ ಆರಕ್ಕೆಲ್ಲ ಕತ್ತಲಾಗುತ್ತೆ, ರಾತ್ರಿ ಬೆಟ್ಟದ ರಸ್ತೆ ಬೇಡ. ಬೀಚ್ ಹತ್ರ ಲಗೇಜ್ ಇಟ್ಟು ಕಾರ್ ಬಿಟ್ಟು ಹೋಗ್ಬೇಡಿ, ಗ್ಲಾಸ್ ಒಡೆದು ಕದಿಯೋದು ಅಲ್ಲಿ ಮಾಮೂಲು. ಡ್ರೈವಿಂಗೇ ಬೇಡ ಅಂದ್ರೆ ಊರಿಂದೂರಿಗೆ ಶೇರಿಂಗ್ ವ್ಯಾನ್ ಸಿಗುತ್ತೆ, ಲಾ ಫೋರ್ತುನಾದಿಂದ ಮೊಂತೆವೆರ್ದೆಗೆ ವ್ಯಾನ್-ದೋಣಿ-ವ್ಯಾನ್ ಅಂತ ಕೆರೆ ದಾಟಿಸ್ತಾರೆ, ವಯಸ್ಸಾದವರಿದ್ರೆ ಅದೇ ಆರಾಮ.

ಅಡ್ರೆಸ್ ಹುಡುಕೋದು ಒಂದು ತಮಾಷೆ. ಮನೆ ನಂಬರ್, ರಸ್ತೆ ಹೆಸರು ಯಾರೂ ಹೇಳಲ್ಲ, ಚರ್ಚಿಂದ 200 ಮೀಟರ್ ದಕ್ಷಿಣಕ್ಕೆ, ಅಲ್ಲಿಂದ 50 ಮೀಟರ್ ಪೂರ್ವಕ್ಕೆ, ಹೀಗೆ. 100 ಮೀಟರ್ ಅಂದ್ರೆ ಒಂದು ಬ್ಲಾಕ್ ಅಂತ ಲೆಕ್ಕ, ನಿಜವಾದ ಅಳತೆ ಎಷ್ಟೇ ಇರ್ಲಿ. ಅಲ್ಲಿಯವರೆಲ್ಲ ವೇಜ್ ಆ್ಯಪ್ ನೋಡಿಕೊಂಡೇ ಓಡಿಸ್ತಾರೆ, ನೀವೂ ಹಾಕ್ಕೊಳ್ಳಿ, ಹೋಟೆಲಿಂದ ವಾಟ್ಸಾಪಲ್ಲಿ ಲೊಕೇಶನ್ ತರಿಸಿಟ್ಕೊಳ್ಳಿ.

ಊಟ. ವೆಜಿಟೇರಿಯನ್ನೋರು ಉಪವಾಸ ಬೀಳಲ್ಲ, ಭಯ ಬೇಡ. ಅಲ್ಲಿ ಸಣ್ಣ ಊಟದ ಹೋಟೆಲಿಗೆ ಸೋಡಾ ಅಂತಾರೆ, ಟೂರಿಸ್ಟ್ ರೆಸ್ಟೋರೆಂಟಿಗಿಂತ ಅಲ್ಲೇ ಅಗ್ಗ, ಅಲ್ಲೇ ರುಚಿ. ಬೆಳಿಗ್ಗೆ ಗಾಯೊ ಪಿಂತೊ, ಅಂದ್ರೆ ಅನ್ನಕ್ಕೆ ಕಪ್ಪು ಬೀನ್ಸ್ ಕಲಸಿ ಹುರಿದಿದ್ದು, ಮಧ್ಯಾಹ್ನ ಕಸಾದೊ ಅನ್ನೋ ಪ್ಲೇಟ್ ಊಟ, ಅನ್ನ, ಬೀನ್ಸ್, ಪಲ್ಯ, ಸಲಾಡ್, ಕರಿದ ಬಾಳೆಹಣ್ಣು, ಪಕ್ಕದಲ್ಲಿ ಮಾಂಸ. ಸಿನ್ ಕಾರ್ನೆ (ಮಾಂಸ ಬೇಡ), ಸಿನ್ ಪೋಯೊ (ಕೋಳಿ ಬೇಡ), ಸಿನ್ ಪೆಸ್ಕಾದೊ (ಮೀನು ಬೇಡ) ಅಂತ ಮೂರೂ ಹೇಳಿ, ಬರೀ ಮಾಂಸ ಬೇಡ ಅಂದ್ರೆ ಕೋಳಿ ಹಾಕ್ಕೊಂಡು ಬರ್ತಾರೆ. ಕೆಲವು ಕಡೆ ಬೀನ್ಸನ್ನ ಹಂದಿ ಕೊಬ್ಬಲ್ಲಿ ಮಾಡ್ತಾರೆ, ಕಟ್ಟುನಿಟ್ಟಿನವರು ಮಾಂತೆಕಾ ಹಾಕಿದ್ದೀರಾ ಅಂತ ಕೇಳಿ. ಒಂದಿನ ಅಮ್ಮನ ಪ್ಲೇಟಲ್ಲಿ ಬಂದ ಪಲ್ಯ ನೋಡಿದ್ರೆ ನಮ್ಮ ಸೀಮೆಬದನೆ, ಸಣ್ಣಗೆ ಹೆಚ್ಚಿ ಜೋಳದ ಕಾಳು ಹಾಕಿ ಮಾಡಿದ್ದು. ಅದರ ತವರು ಈ ಕಡೇನೇ, ನಮ್ಮಲ್ಲಿಗೆ ಆಮೇಲೆ ಬಂದಿದ್ದು ಅಂದೆ. "ಅಲ್ಲಿಂದ ಬಂದೋರಿಗೆ ಒಗ್ಗರಣೆ ಹಾಕೋದು ನಾವೇ ಕಲಿಸಿದ್ದು ಬಿಡು" ಅಂತ ಅಮ್ಮ ಬ್ಯಾಗಿಂದ ಚಟ್ನಿಪುಡಿ ತೆಗೆದ್ರು. ಚಟ್ನಿಪುಡಿ ನಮಗೇನೂ ತೊಂದ್ರೆ ಆಗ್ಲಿಲ್ಲ, ಹಸಿ ಕರಿಬೇವು, ಹಣ್ಣು, ಬೀಜ ಮಾತ್ರ ತಗೊಂಡು ಹೋಗ್ಬೇಡಿ. ನಲ್ಲಿ ನೀರು ಹೆಚ್ಚಿನ ಊರಲ್ಲಿ ಕುಡಿಯೋ ಹಾಗೇ ಇದೆ. ಬಿಲ್ಲಲ್ಲಿ 13% ಟ್ಯಾಕ್ಸ್, 10% ಸರ್ವಿಸ್ ಸೇರೇ ಇರುತ್ತೆ, ಮತ್ತೆ ಅಮೆರಿಕದ ಲೆಕ್ಕದಲ್ಲಿ ಟಿಪ್ ಕೊಡಬೇಕಿಲ್ಲ. ಒಟ್ಟಲ್ಲಿ ಅಗ್ಗದ ದೇಶ ಅಂತ ಅಂದ್ಕೊಂಡು ಹೋಗ್ಬೇಡಿ. ಡಾಲರ್ ಎಲ್ಲಾ ಕಡೆ ತಗೋತಾರೆ ಆದ್ರೆ ರೇಟಲ್ಲಿ ಕಳ್ಕೋತೀರ, ಕಾರ್ಡ್ ಉಜ್ಜಿ, ಚಿಲ್ಲರೆಗೆ ಅಷ್ಟು ಅಲ್ಲಿನ ದುಡ್ಡು ಕೊಲೊನ್ ಇಟ್ಕೊಳ್ಳಿ.

ಲಾ ಫೋರ್ತುನಾದಲ್ಲಿ ಕೆಂಪು ಲಾವಾ ಕಾಣುತ್ತೆ ಅನ್ನೋ ಆಸೆ ಬೇಡ, 1968ರಲ್ಲಿ ಸಿಡಿದ ಅರೆನಾಲ್ 2010ರಿಂದ ಸುಮ್ನಿದೆ, ಎಷ್ಟೋ ದಿನ ಮೋಡದಲ್ಲಿ ಬೆಟ್ಟಾನೇ ಕಾಣಲ್ಲ. ಬಿಸಿನೀರಿನ ರೆಸಾರ್ಟ್‌ಗಳು ದುಬಾರಿ, ತಬಕೋನ್ ರೆಸಾರ್ಟ್ ಎದುರಿಗೇ ಎಲ್ ಚೊಯೀನ್ ಅಂತ ಬಿಸಿನೀರಿನ ಹೊಳೆ ಇದೆ, ಫ್ರೀ, ಆದ್ರೆ ಕಲ್ಲು ಜಾರುತ್ತೆ. ಮೊಂತೆವೆರ್ದೆ ಚಳಿ, ಸ್ವೆಟರ್ ಬೇಕು. 1948ರಲ್ಲಿ ಈ ದೇಶ ಸೈನ್ಯಾನೇ ರದ್ದು ಮಾಡ್ತಲ್ಲ, ಅದನ್ನ ನೋಡಿ ಯುದ್ಧಕ್ಕೆ ಹೋಗಲ್ಲ ಅನ್ನೋ ಅಮೆರಿಕದ ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಕುಟುಂಬಗಳು 1951ರಲ್ಲಿ ಬಂದು ಆ ಬೆಟ್ಟದ ಮೇಲೆ ನೆಲೆ ನಿಂತ್ರು, ಹಸು ಸಾಕಿ ಚೀಸ್ ಮಾಡಿದ್ರು, ನೀರಿನ ಮೂಲ ಉಳಿಬೇಕು ಅಂತ ಮೇಲಿನ ಕಾಡನ್ನ ಮುಟ್ಲಿಲ್ಲ.

ಮನುವೆಲ್ ಅಂತೋನಿಯೊ ಪಾರ್ಕ್ ಮಂಗಳವಾರ ರಜೆ. ಟಿಕೆಟ್ ಆನ್‌ಲೈನಲ್ಲೇ, ಸುಮಾರು 18 ಡಾಲರ್, ಗೇಟಲ್ಲಿ ಮಾರಲ್ಲ, ಹೊರಗೆ ಯೂನಿಫಾರ್ಮ್ ಥರ ಹಾಕ್ಕೊಂಡು ಕಾರ್ ಅಡ್ಡ ಹಾಕೋರಿಗೆ ದುಡ್ಡು ಕೊಡ್ಬೇಡಿ. ತಿಂಡಿ ಒಳಗೆ ಬಿಡಲ್ಲ, ಬ್ಯಾಗ್ ಬಿಚ್ಚಿಸಿ ನೋಡ್ತಾರೆ, ಬಿಳಿ ಮುಖದ ಕೋತಿಗಳ ಕಾಟಕ್ಕೇ ಆ ರೂಲು. ಗೈಡ್‌ಗೆ ಕೊಡೋ ದುಡ್ಡು ಮಾತ್ರ ವೇಸ್ಟಲ್ಲ. ನಮಗೆ ಒಣಗಿದ ಎಲೆ ಗೂಡು ಅನ್ಸಿದ್ದನ್ನ ಟೆಲಿಸ್ಕೋಪಲ್ಲಿ ತೋರಿಸಿದ, ಸ್ಲಾತ್, ಮರದಲ್ಲೇ ನೇತಾಡೋ ಸೋಮಾರಿ ಪ್ರಾಣಿ! ಕೂದಲಿಗೆಲ್ಲ ಹಸಿರು ಪಾಚಿ ಹತ್ತಿದೆ, ಕೊಂಬೆಗೆ ಸಿಕ್ಕಿಸಿಕೊಂಡ ಮೂರು ಉಗುರು, ನಮ್ಮ ಕಡೆ ಮುಖ ತಿರುಗಿಸೋಕೆ ಅದು ಅರ್ಧ ನಿಮಿಷ ತಗೊಳ್ತು. ಸಮುದ್ರದಲ್ಲಿ ಒಳಸೆಳೆತ ಜಾಸ್ತಿ, ಹೆಚ್ಚಿನ ಬೀಚಲ್ಲಿ ಲೈಫ್‌ಗಾರ್ಡ್ ಇಲ್ಲ, ಹೊಳೆ ಸೇರೋ ಕಡೆ ಮೊಸಳೆನೂ ಇರುತ್ತೆ, ಲೋಕಲ್ ಜನ ಇಳಿಯದ ಕಡೆ ನೀವೂ ಇಳೀಬೇಡಿ.

ಕಾಫಿ ತೋಟದಲ್ಲಿ ಅಪ್ಪನ್ನ ಹಿಡಿಯೋರಿರಲಿಲ್ಲ. ಎಷ್ಟು ಎತ್ತರ, ನೆರಳಿಗೆ ಯಾವ ಮರ, ಕೂಲಿ ಹೇಗೆ ಅಂತ ಎಲ್ಲಾ ಕೇಳಿದ್ರು, ನಾನು ಟ್ರಾನ್ಸ್‌ಲೇಟರ್. ಅಲ್ಲಿ ಹಣ್ಣು ಕುಯ್ಯೋರಿಗೆ ಕೂಲಿ ತೂಕದ ಮೇಲಲ್ಲ, ಕಹ್ವೇಲಾ ಅಂತ 20 ಲೀಟರಿನ ಡಬ್ಬದ ಅಳತೆ ಮೇಲೆ. ಗೈಡು ಮಾತಿಗೆ, 2018ರ ತನಕ ಕೋಸ್ಟರಿಕಾದಲ್ಲಿ ರೋಬಸ್ಟಾ ಜಾತಿ ಕಾಫಿ ಬೆಳೆಯೋದಕ್ಕೇ ನಿಷೇಧ ಇತ್ತು, ದೇಶದ ಕಾಫಿ ಹೆಸರು ಕೆಡಬಾರ್ದು ಅಂತ, ಅಂದ. ಅಪ್ಪಂಗೆ ಉರಿದು ಹೋಯ್ತು. "ಎಂಥ ಮಾರಾಯ್ತಿ ಇವನು ಹೇಳೋದು, ನಿನ್ನ ಓದಿಸಿದ್ದು ಯಾವುದರ ದುಡ್ಡಲ್ಲಿ ಅಂತ ಹೇಳು ಅವನಿಗೆ." ನಾನು ಅದನ್ನ ಟ್ರಾನ್ಸ್‌ಲೇಟ್ ಮಾಡ್ಲಿಲ್ಲ.

ಇನ್ನು ಚಿಲ್ಲರೆ ವಿಷಯ. ಪ್ಲಗ್ಗು ಕರೆಂಟು ಅಮೆರಿಕದ ಥರಾನೇ, ಇಂಡಿಯಾದಿಂದ ಹೋಗೋರಿಗೆ ಅಡಾಪ್ಟರ್ ಬೇಕು. ಟಾಯ್ಲೆಟಲ್ಲಿ ಪೇಪರ್ ಫ್ಲಶ್ ಮಾಡೋ ಹಾಗಿಲ್ಲ, ಪಕ್ಕದ ಡಬ್ಬಕ್ಕೆ ಹಾಕ್ಬೇಕು, ಅಪ್ಪ ಅಮ್ಮ ಇದ್ರೆ ಒಂದು ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿಗೆ ಹಾಕಿ. ಡೆಂಗ್ಯೂ ಇದೆ, ಸೊಳ್ಳೆ ಕ್ರೀಮ್ ಮರೀಬೇಡಿ. ಏರ್‌ಪೋರ್ಟಿನ ಅಧಿಕೃತ ಟ್ಯಾಕ್ಸಿ ಕಿತ್ತಳೆ ಬಣ್ಣದ್ದು, ಊರಲ್ಲಿ ಓಡೋದು ಕೆಂಪು, ಹತ್ತಿದ ತಕ್ಷಣ ಮೀಟರ್ ಹಾಕ್ಸಿ, ಮೀಟರಿಗೆ ಅಲ್ಲಿ ಮರಿಯಾ ಅಂತಾರೆ, ಹಾಗಂದ್ರೆ ಅರ್ಥ ಆಗುತ್ತೆ.

ಕಾಫಿಪುಡಿ ತರೋದಾದ್ರೆ ಏರ್‌ಪೋರ್ಟಲ್ಲಿ ತಗೋಬೇಡಿ, ಊರೊಳಗಿನ ಸೂಪರ್‌ಮಾರ್ಕೆಟಲ್ಲಿ ರೇಟು ಎಷ್ಟೋ ಕಮ್ಮಿ. ಪ್ಯಾಕೆಟ್ ಮೇಲೆ ಪೂರೊ, ಅಂದ್ರೆ ಶುದ್ಧ, ಅಂತ ಇದ್ಯಾ ನೋಡ್ಕೊಳ್ಳಿ, ನಮ್ಮಲ್ಲಿ ಚಿಕೋರಿ ಹಾಕೋ ಹಾಗೆ ಅಲ್ಲಿ ಕಮ್ಮಿ ರೇಟಿನ ಪುಡಿಗೆ ಸಕ್ಕರೆ ಬೆರೆಸಿ ಮಾರ್ತಾರೆ.